ಅಂಕಿಗಳಿಗೆ ಆಕಾರವೀಯುವ ಬಗೆ: ಗಣಕಯಂತ್ರದಲ್ಲಿ ಆಲೇಖಗಳ ರಚನೆ

ವಿದ್ಯಾಸಂಸ್ಥೆಯೊಂದರ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡ ವಾಚಕನು ಮೊದಲು ನೋಡುವುದು ಛಾಯಾಚಿತ್ರಗಳನ್ನು. ಕಡೆಯಲ್ಲಿ ನೋಡುವುದು, ಇಲ್ಲವೇ ನೋಡದೆಯೇ ಬಿಡುವುದು, ಅಂಕಿ ಅಂಶಗಳ ಕೋಷ್ಟಕಗಳನ್ನು. ಇದರಲ್ಲಿ ವಾಚಕನ ದೋಷವೇನೂ ಇಲ್ಲ. ಹತ್ತು ವರ್ಷಗಳ ದಾಖಲಾತಿ, ಹತ್ತು ವರ್ಷಗಳ ಪರೀಕ್ಷಾ ಫಲಿತಾಂಶ, ಪ್ರಸಾದ ನಿಲಯದಲ್ಲಿ ಬಳಕೆಯಾದ ರಾಗಿ ಅಕ್ಕಿ ಬೇಳೆಗಳ ಲೆಕ್ಕ, ಇವೆಲ್ಲವೂ ಸಾಲುಸಾಲಾಗಿ ನಿಂತಾಗ ಕಣ್ಣು ಅವುಗಳ ಮೇಲೆ ಜಾರಿಹೋಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅವೇ ಅಂಕಿಗಳು ಗೆರೆಯಾಗಿ, ಕಂಬವಾಗಿ, ವೃತ್ತದ ತುಂಡಾಗಿ ಮೂಡಿದಾಗ ಏರಿದ್ದೆಷ್ಟು, ಇಳಿದದ್ದೆಷ್ಟು ಎಂಬುದು ಕಣ್ಣಿಗೆ ಕಟ್ಟಿದಂತಾಗುತ್ತದೆ. ಕೋಷ್ಟಕವನ್ನು ಓದಬೇಕು, ಆಲೇಖವನ್ನು ನೋಡಿದರೆ ಸಾಕು. ಒಂದೇ ನೋಟದಲ್ಲಿ ಮನಗಾಣಿಸುವ ಈ ಶಕ್ತಿಯಿಂದಲೇ ಅದು ಒಂದೇ ನೋಟದಲ್ಲಿ ದಾರಿ ತಪ್ಪಿಸಲೂ ಬಲ್ಲುದು. ದಾನಿಗಳು ಸಂಸ್ಥೆಯ ಯೋಗ್ಯತೆಯನ್ನೂ ಆಡಳಿತ ಮಂಡಳಿಯವರು ಅಧ್ಯಾಪಕರ ಶ್ರಮವನ್ನೂ ಈ ಚಿತ್ರಗಳಿಂದ ಅಳೆಯುವ ಕಾಲವಿದು. ಆದುದರಿಂದ ಆಲೇಖವನ್ನು ರಚಿಸುವ ಬಗೆಯನ್ನು ಗುಮಾಸ್ತರ ಪಾಲಿಗೆ ಬಿಟ್ಟು ಉಳಿದವರು ಸುಮ್ಮನಿರುವುದು ಉಚಿತವಲ್ಲ.

‘ಆಲೇಖ’ ಎಂಬ ಮಾತಿನಲ್ಲಿರುವ ಲಿಖ್ ಧಾತುವಿಗೆ ಬರೆಯುವುದೆಂಬ ಅರ್ಥವಿರುವಂತೆಯೇ ಗೀರುವುದೆಂಬ ಅರ್ಥವೂ ಉಂಟು. ‘ಗ್ರಾಫ್’ ಎಂಬ ಮಾತಿಗೆ ಮೂಲವಾದ ಗ್ರೀಕ್ ಕ್ರಿಯಾಪದದ ಕಥೆಯೂ ಇದೇ. ಕನ್ನಡವಂತೂ ಇನ್ನೂ ನೇರವಾದುದು: ‘ಬರೆ’ ಎಂದರೆ ಗೆರೆ, ‘ಬರೆ’ ಎಂದರೆ ಲಿಖಿಸು. ಗೆರೆ ಎಳೆಯುವುದಕ್ಕೂ ಬರವಣಿಗೆಗೂ ಭಾಷೆಯು ಭೇದವೆಣಿಸಿಲ್ಲ. ಬರವಣಿಗೆಯಲ್ಲಿ ಸುಳ್ಳು ಸಲ್ಲದೆಂಬ ನಿಯಮವು ಗೆರೆಗೂ ಅನ್ವಯಿಸುವುದೆಂಬುದಕ್ಕೆ ಬೇರೆ ಪ್ರಮಾಣ ಬೇಡ.

ಅಂಕಿಗಳನ್ನು ಚಿತ್ರವಾಗಿಸುವ ಈ ವಿದ್ಯೆ ತೀರ ಪುರಾತನವಾದುದಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತನು 1786ರಲ್ಲಿ ಇಂಗ್ಲೆಂಡಿನ ವ್ಯಾಪಾರವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಆಮದು ರಫ್ತುಗಳನ್ನು ಕಾಲಕ್ರಮದ ಗೆರೆಗಳಲ್ಲಿ ತೋರಿಸಿದನು. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಆತನಲ್ಲಿ ಒಂದೇ ವರ್ಷದ ಲೆಕ್ಕವಿದ್ದುದರಿಂದ ಗೆರೆ ಎಳೆಯಲು ಬಾರದೆ, ದೇಶಕ್ಕೊಂದರಂತೆ ಪಟ್ಟಿಗಳನ್ನು ಎಳೆದು ತೃಪ್ತನಾಗಬೇಕಾಯಿತು. ಇಂದು ಶಾಲೆಯ ಮಕ್ಕಳೆಲ್ಲರೂ ಬಲ್ಲ ಸ್ತಂಭಾಲೇಖವು ಹೀಗೆ ಒಂದು ಕೊರತೆಯಿಂದ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ವೃತ್ತವನ್ನು ತುಂಡುಮಾಡಿ ತೋರಿಸುವ ಕ್ರಮವನ್ನೂ ಆತನೇ 1801ರಲ್ಲಿ ತಂದನು. ಗಣಕಯಂತ್ರದಲ್ಲಿ ಕೋಷ್ಟಕ ಹಾಳೆ, ಅಂದರೆ ಸ್ಪ್ರೆಡ್‌ಶೀಟ್, ಜನಪ್ರಿಯವಾದದ್ದು 1979ರಲ್ಲಿ ಬಂದ ವಿಸಿಕ್ಯಾಲ್ಕ್‌ನಿಂದ. 1983ರ ಲೋಟಸ್ 1-2-3 ಲೆಕ್ಕದ ಹಾಳೆಯಿಂದಲೇ ಆಲೇಖವನ್ನು ತೆಗೆಯುವ ಸೌಕರ್ಯವನ್ನು ಮನೆಮಾತಾಗಿಸಿತು. ಎಕ್ಸೆಲ್ 1985ರಲ್ಲಿ ಮೆಕಿಂಟಾಷ್ ಯಂತ್ರಗಳಿಗೂ 1987ರಲ್ಲಿ ವಿಂಡೋಸ್‌ಗೂ ಬಂದಿತು. ಬೆಲೆಯಿಲ್ಲದೆ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ಶಾಲೆಯ ಕೆಲಸಕ್ಕೆ ಏನೇನೂ ಸಾಲದೆಂದು ಹೇಳುವಂತಿಲ್ಲ.

ಹಳೆಯ ವಿದ್ಯಾರ್ಥಿಗಳಿಗೆ ಗ್ರಾಫ್ ಹಾಳೆಯ ನೆನಪು ಮಾಸಿರಲಾರದು. ಸಣ್ಣ ಚೌಕಗಳ ಆ ಹಾಳೆಯ ಮೇಲೆ ಎರಡು ಅಕ್ಷಗಳನ್ನೆಳೆದು, ಮೂಲಬಿಂದುವಿನಲ್ಲಿ ಸೊನ್ನೆ ಬರೆದು, ಬಲಮೇಲ್ತುದಿಯಲ್ಲಿ ‘ಪ್ರಮಾಣ: 1 ಸೆಂ.ಮೀ. = 10 ಮಾನ’ ಎಂದು ನಮೂದಿಸಿದ ಮೇಲೆಯೇ ಬಿಂದುಗಳನ್ನು ಗುರುತಿಸುವುದು. ಪ್ರಮಾಣ ಬರೆಯದವನಿಗೆ ಗಣಿತದ ಮೇಷ್ಟರು ಅಂಕ ಕಳೆಯುತ್ತಿದ್ದರು. ಗಣಕಯಂತ್ರದಲ್ಲಿ ಪ್ರಮಾಣವನ್ನು ಯಂತ್ರವೇ ಆರಿಸಿಕೊಳ್ಳುತ್ತದೆ. ಶ್ರಮ ಉಳಿಯಿತು, ನಿಜ. ಆದರೆ ಪ್ರಮಾಣವೆಂಬುದೊಂದು ಇದೆಯೆಂಬ ಅರಿವೂ ಅದರೊಡನೆ ಹೊರಟುಹೋಗುವ ಭಯವಿದೆ.

ಕೋಷ್ಟಕವೇ ಬುನಾದಿ

ಆಲೇಖದ ಗುಣದೋಷಗಳೆಲ್ಲವೂ ಅದರ ಹಿಂದಿರುವ ಕೋಷ್ಟಕದಲ್ಲಿ ಅಡಗಿರುತ್ತವೆ. ಹಾಳೆಯ ಮೊದಲ ಅಡ್ಡಸಾಲಿನಲ್ಲಿ ಶೀರ್ಷಿಕೆಗಳು, ಮೊದಲ ಕಂಬಸಾಲಿನಲ್ಲಿ ವರ್ಷ ಅಥವಾ ಊರಿನ ಹೆಸರು, ಉಳಿದ ಕಂಬಸಾಲುಗಳಲ್ಲಿ ಅಂಕಿಗಳು: ಇಷ್ಟೇ ಅದರ ವ್ಯಾಕರಣ. ನಡುವೆ ಖಾಲಿ ಸಾಲು ಬಿಡಬಾರದು. ಅಂದಕ್ಕಾಗಿ ಎರಡು ಮನೆಗಳನ್ನು ಒಂದು ಮಾಡಬಾರದು. ಅಂಕಿಯ ಮನೆಯಲ್ಲಿ ಅಂಕಿಯೊಂದೇ ಇರಬೇಕು. ಮಳೆಯ ಲೆಕ್ಕ ಬರೆಯುವವರು ‘120 ಮಿ.ಮೀ.’ ಎಂದು ಮಾನವನ್ನೂ ಅದೇ ಮನೆಯಲ್ಲಿ ಬರೆದರೆ, ಯಂತ್ರವು ಅದನ್ನು ಸಂಖ್ಯೆಯೆಂದು ತಿಳಿಯದೆ ಅಕ್ಷರವೆಂದು ತಿಳಿದು ಸೊನ್ನೆಯ ಮಟ್ಟದಲ್ಲಿ ಮಲಗಿಸುತ್ತದೆ. ಮಳೆ ಬಿದ್ದ ತಿಂಗಳು ಆಲೇಖದಲ್ಲಿ ಬರಗಾಲವಾಗಿ ತೋರುವುದು ಹೀಗೆ. ಮಾನವನ್ನು ಶೀರ್ಷಿಕೆಯಲ್ಲಿ ಬರೆಯುವುದೇ ಸರಿಯಾದ ಕ್ರಮ.

ಮೊದಲ ಬಾರಿಗೆ ಈ ಕೆಲಸಕ್ಕಿಳಿದವರು ಮುಗ್ಗರಿಸುವ ಇನ್ನೊಂದು ಕಲ್ಲೆಂದರೆ ವರ್ಷದ ಕಂಬಸಾಲು. 2019, 2020 ಎಂಬಿವು ಮನುಷ್ಯರಿಗೆ ಕಾಲದ ಹೆಸರುಗಳು. ಯಂತ್ರಕ್ಕೆ ಕೇವಲ ಎರಡು ಸಾವಿರ ಚಿಲ್ಲರೆಯ ಸಂಖ್ಯೆಗಳು. ಕೋಷ್ಟಕವನ್ನು ಇಡಿಯಾಗಿ ಆರಿಸಿ ಆಲೇಖ ತೆಗೆದಾಗ ಮೇಲ್ಗಡೆ ಎಲ್ಲೋ ಎರಡು ಸಾವಿರದ ಮಟ್ಟದಲ್ಲಿ ಒಂದು ಗೆರೆ ಓಡಿ, ನಿಜವಾದ ಅಂಕಿಗಳೆಲ್ಲ ನೆಲಕ್ಕಂಟಿಕೊಂಡು ಕಂಡರೆ, ವರ್ಷವೂ ಫಲಿತಾಂಶವೆಂದು ಎಣಿಕೆಗೆ ಸೇರಿದೆಯೆಂದು ತಿಳಿಯಬೇಕು. ಎಕ್ಸೆಲ್‌ನಲ್ಲಿ ಕೋಷ್ಟಕದ ಎಡಮೇಲ್ತುದಿಯ ಮನೆಯನ್ನು, ಅಂದರೆ ‘ವರ್ಷ’ ಎಂಬ ಮಾತಿರುವ ಮನೆಯನ್ನು, ಖಾಲಿ ಬಿಟ್ಟರೆ ಈ ತೊಡಕು ಬಹುಮಟ್ಟಿಗೆ ಬರುವುದಿಲ್ಲ. ಬಂದರೆ ಆಲೇಖದ ಮೇಲೆ ಮೌಸ್‌ನ ಬಲಗುಂಡಿಯೊತ್ತಿ ‘ಸೆಲೆಕ್ಟ್ ಡೇಟಾ’ ಎಂಬಲ್ಲಿ ಆ ಸಾಲನ್ನು ಎಡಪಟ್ಟಿಯಿಂದ ತೆಗೆದು, ಬಲಪಟ್ಟಿಯಲ್ಲಿ ಅಡ್ಡ ಅಕ್ಷದ ಹೆಸರಾಗಿ ಕೊಡಬಹುದು.

ಕೋಷ್ಟಕ ಸಿದ್ಧವಾದ ಮೇಲೆ ಉಳಿದ ಕೆಲಸ ಕ್ಷಣಮಾತ್ರದ್ದು. ಶೀರ್ಷಿಕೆ ಸಹಿತವಾಗಿ ಕೋಷ್ಟಕವನ್ನು ಆರಿಸಿ, ‘ಇನ್ಸರ್ಟ್’ ಎಂಬಲ್ಲಿ ಬೇಕಾದ ಬಗೆಯ ಚಾರ್ಟನ್ನು ಒತ್ತಿದರೆ ಆಲೇಖವು ಹಾಳೆಯ ಮೇಲೆ ಮೂಡುತ್ತದೆ. ಎಫ್11 ಕೀಲಿಯನ್ನೊತ್ತಿದರೆ ಪ್ರತ್ಯೇಕ ಹಾಳೆಯಲ್ಲಿಯೇ ಮೂಡುವುದುಂಟು. ಮೂಡಿದ ಆಲೇಖದ ಬಲಬದಿಯಲ್ಲಿ ಕಾಣುವ ಕೂಡುವ ಚಿಹ್ನೆಯನ್ನೊತ್ತಿದರೆ ಶೀರ್ಷಿಕೆ, ಅಕ್ಷಗಳ ಹೆಸರು, ಕಂಬದ ತಲೆಯ ಮೇಲಿನ ಅಂಕಿ, ಹಿನ್ನೆಲೆಯ ಗೆರೆಗಳು ಮೊದಲಾದವನ್ನು ಸೇರಿಸಲೂ ತೆಗೆಯಲೂ ಬರುತ್ತದೆ. ಕ್ಯಾಲ್ಕ್‌ನಲ್ಲಿ ಆಲೇಖದ ಮೇಲೆ ಎರಡು ಬಾರಿ ಒತ್ತಿದ ಬಳಿಕ ಬಲಗುಂಡಿಯಿಂದ ಇವೇ ಕೆಲಸಗಳು ನಡೆಯುತ್ತವೆ. ಇದಿಷ್ಟನ್ನು ಎಂಟನೆಯ ತರಗತಿಯ ಮಗುವೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲುದು. ಮುಂದಿನದು ಮಾತ್ರ ಯಂತ್ರ ಕಲಿಸುವ ಪಾಠವಲ್ಲ.

ಯಾವ ಪ್ರಶ್ನೆಗೆ ಯಾವ ಚಿತ್ರ

ಎಕ್ಸೆಲ್ ತೆರೆದಿಡುವ ಆಲೇಖಗಳ ಬಗೆಗಳನ್ನು ನೋಡಿದರೆ ಜಾತ್ರೆಯ ಬಳೆಯಂಗಡಿ ನೆನಪಾಗುತ್ತದೆ. ಶಾಲೆಯ ವರದಿಗೆ ಬೇಕಾದವು ಮೂರು ಅಥವಾ ನಾಲ್ಕು. ಬೇರೆ ಬೇರೆ ವಸ್ತುಗಳನ್ನು ಒಂದರೊಡನೊಂದು ಹೋಲಿಸಬೇಕಾದಲ್ಲಿ ಸ್ತಂಭಾಲೇಖ; ಒಂದೇ ವಸ್ತು ಕಾಲದಲ್ಲಿ ನಡೆದುಬಂದ ದಾರಿಯನ್ನು ತೋರಿಸಬೇಕಾದಲ್ಲಿ ರೇಖಾಲೇಖ; ಒಂದು ಇಡಿಯು ಹೇಗೆ ಹಂಚಿಹೋಯಿತೆಂಬುದಕ್ಕೆ ವೃತ್ತಾಲೇಖ.

ಕಾಲದಲ್ಲಿ ನಡೆಯುವ ದಾರಿಗೆ ಈ ಸೀಮೆಯಲ್ಲಿಯೇ ಸೊಗಸಾದ ನಿದರ್ಶನವೊಂದಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಐದು ಗ್ರಾಮಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. 2018ರ ಮಾರ್ಚ್ 1ರಂದು ಅದು ಲೋಕಾರ್ಪಣೆಯಾಯಿತು. ಮೋಡವಿಲ್ಲದ ದಿನದಲ್ಲಿ ಅಂತಹ ಸೌರಫಲಕಗಳ ಉತ್ಪಾದನೆಯನ್ನು ಗಂಟೆಗಂಟೆಗೂ ಬರೆದು ಗೆರೆಯೆಳೆದರೆ, ಮುಂಜಾನೆ ಸೊನ್ನೆಯಿಂದ ಮೇಲೇರಿ, ನಡುಹಗಲಿನಲ್ಲಿ ನೆತ್ತಿ ಮುಟ್ಟಿ, ಸಂಜೆಗೆ ಮರಳಿ ನೆಲ ಸೇರುವ ದುಂಡನೆಯ ಗುಡ್ಡವೊಂದು ಮೂಡುತ್ತದೆ. ಮೋಡ ಹಾಯ್ದರೆ ಗುಡ್ಡದ ಮೈಯಲ್ಲಿ ಹಳ್ಳ ಬೀಳುತ್ತದೆ. ಸೂರ್ಯನ ದಿನಚರಿಯನ್ನು ಹತ್ತು ವಾಕ್ಯಗಳಲ್ಲಿ ಹೇಳುವುದನ್ನು ಆ ಗೆರೆ ಒಂದೇ ಬಾಗಿನಲ್ಲಿ ಹೇಳುತ್ತದೆ. ಇದನ್ನೇ ವೃತ್ತಾಲೇಖದಲ್ಲಿ ಹನ್ನೆರಡು ತುಂಡುಗಳಾಗಿ ಕತ್ತರಿಸಿದರೆ ಏನೂ ತಿಳಿಯದು.

ವೃತ್ತಾಲೇಖದ ಮೇಲೆ ಸಂಸ್ಥೆಗಳಿಗಿರುವ ಮೋಹ ಅಷ್ಟಿಷ್ಟಲ್ಲ. ಪ್ರಸಾದ ನಿಲಯದ ವಾರ್ಷಿಕ ವೆಚ್ಚದಲ್ಲಿ ಧಾನ್ಯಕ್ಕೆಷ್ಟು, ಸೌದೆ ಅನಿಲಗಳಿಗೆಷ್ಟು, ಸಂಬಳಕ್ಕೆಷ್ಟು ಎಂದು ನಾಲ್ಕೈದು ಭಾಗಗಳಿರುವಾಗ ಅದು ಸಲ್ಲುತ್ತದೆ. ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳ ಸಂಖ್ಯೆಯನ್ನು ಹತ್ತು ಬಣ್ಣದ ತುಂಡುಗಳಲ್ಲಿ ತೋರಿಸಹೊರಟರೆ ಮಧುಗಿರಿಯ ತುಂಡು ದೊಡ್ಡದೋ ಶಿರಾದ ತುಂಡು ದೊಡ್ಡದೋ ಎಂದು ಕಣ್ಣು ಕಿರಿದುಮಾಡಿ ನೋಡಬೇಕಾಗುತ್ತದೆ. ಅಲ್ಲಿಗೆ ಅಡ್ಡಪಟ್ಟಿಗಳ ಸ್ತಂಭಾಲೇಖವೇ ಯೋಗ್ಯ. ಕನ್ನಡಕ್ಕೆ ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕಂಬಗಳು ನೆಟ್ಟಗೆ ನಿಂತಾಗ ‘ಚಿಕ್ಕನಾಯಕನಹಳ್ಳಿ’ಯಂತಹ ನೀಳವಾದ ಹೆಸರು ಕಂಬದ ಬುಡದಲ್ಲಿ ಹಿಡಿಸದೆ ಓರೆಯಾಗಿ ಮಲಗುತ್ತದೆ, ಪಟ್ಟಿಗಳು ಅಡ್ಡಲಾಗಿ ಮಲಗಿದಾಗ ಹೆಸರು ನೆಟ್ಟಗೆ ಓದಲು ದೊರೆಯುತ್ತದೆ. ವೃತ್ತವನ್ನು ದಪ್ಪ ರೊಟ್ಟಿಯಂತೆ ಉಬ್ಬಿಸಿ ಓರೆಯಾಗಿ ತೋರಿಸುವ ಮೂರು ಆಯಾಮದ ಬಗೆಯನ್ನಂತೂ ಬಿಟ್ಟೇಬಿಡುವುದು ಮೇಲು. ನೋಡುವವನ ಕಡೆಗಿರುವ ತುಂಡು ಅದರಲ್ಲಿ ತನ್ನ ಪಾಲಿಗಿಂತ ಹಿರಿದಾಗಿ ಕಾಣುತ್ತದೆ.

ರೇಖಾಲೇಖದಲ್ಲಿಯೂ ಒಂದು ಎಚ್ಚರ ಬೇಕು. 2015, 2016, 2020 ಎಂಬ ಮೂರು ವರ್ಷಗಳ ಲೆಕ್ಕ ಮಾತ್ರ ದೊರೆತಿದ್ದರೆ ಸಾಮಾನ್ಯ ಬಗೆಯ ಲೈನ್ ಚಾರ್ಟ್ ಮೂರನ್ನೂ ಸಮದೂರದಲ್ಲಿ ನಿಲ್ಲಿಸುತ್ತದೆ. ನಾಲ್ಕು ವರ್ಷದ ನಡಿಗೆ ಒಂದು ವರ್ಷದ ಜಿಗಿತವಾಗಿ ತೋರುತ್ತದೆ. ಇಂತಲ್ಲಿ ‘ಸ್ಕ್ಯಾಟರ್’ ಎಂಬ ಬಗೆಯನ್ನಾರಿಸಿ ಬಿಂದುಗಳನ್ನು ಗೆರೆಯಿಂದ ಕೂಡಿಸಿದರೆ ಅಂತರಗಳು ತಮ್ಮ ನಿಜವಾದ ಅಳತೆಯಲ್ಲಿ ನಿಲ್ಲುತ್ತವೆ.

ಎರಡು ಗೆರೆಗಳು ಕೂಡಿ ಹೇಳುವ ಮಾತು ಒಂದು ಗೆರೆ ಹೇಳುವುದಕ್ಕಿಂತ ಹೆಚ್ಚಿನದು. ಕರ್ನಾಟಕದ ಸಾಕ್ಷರತೆಯ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಜನಗಣತಿಯ ಪ್ರಕಾರ ಪುರುಷರ ಸಾಕ್ಷರತೆ ಶೇಕಡಾ 1981ರಲ್ಲಿ 58.73, 1991ರಲ್ಲಿ 67.26, 2001ರಲ್ಲಿ 76.10, 2011ರಲ್ಲಿ 82.47. ಅವೇ ವರ್ಷಗಳಲ್ಲಿ ಸ್ತ್ರೀಯರದು 33.17, 44.34, 56.87, 68.08. ಎರಡೂ ಏರಿವೆಯೆಂದು ಕೋಷ್ಟಕ ಹೇಳುತ್ತದೆ. ಆಲೇಖವಾದರೋ ಕೆಳಗಿನ ಗೆರೆ ಹೆಚ್ಚು ಕಡಿದಾಗಿ ಏರುತ್ತ ಮೇಲಿನದನ್ನು ಹಿಡಿಯಲು ಹೋಗುತ್ತಿರುವುದನ್ನು ತೋರಿಸುತ್ತದೆ. ನಡುವಣ ಅಂತರ 25.56ರಿಂದ 14.39ಕ್ಕೆ ಇಳಿದಿರುವುದು ಎಣಿಸದೆಯೇ ಕಾಣುತ್ತದೆ. ತುಮಕೂರು ಜಿಲ್ಲೆಯ 2011ರ ಅಂಕಿಗಳು ಪುರುಷರಿಗೆ 82.81, ಸ್ತ್ರೀಯರಿಗೆ 67.38. ಮುಚ್ಚದೆ ಉಳಿದ ಆ ಹದಿನೈದರಷ್ಟು ಅಂತರದಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ತರುವ ಸಂಸ್ಥೆಗಳ ಕೆಲಸದ ಅಳತೆಯೇ ಇದೆ. ಈ ಆಲೇಖವನ್ನು 1981ಕ್ಕಿಂತ ಹಿಂದಕ್ಕೆ ಒಯ್ಯುವವರು ಅಡಿಯಲ್ಲಿ ಒಂದು ಟಿಪ್ಪಣಿ ಬರೆಯಲೇಬೇಕು: 1971ರವರೆಗಿನ ಅಂಕಿಗಳು ಐದು ವರ್ಷ ಮೀರಿದವರ ಲೆಕ್ಕ, 1981ರಿಂದೀಚಿನವು ಏಳು ವರ್ಷ ಮೀರಿದವರ ಲೆಕ್ಕ. ಅಳೆಯುವ ಕೋಲು ಬದಲಾದುದನ್ನು ಹೇಳದೆ ಅಳತೆಯನ್ನು ಕೂಡಿಸುವುದು ಸಲ್ಲದು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯದೆ ಹೋದುದರಿಂದ ಗೆರೆ 2011ಕ್ಕೆ ನಿಲ್ಲುತ್ತದೆ. ಅಂದಾಜಿನಿಂದ ಅದನ್ನು ಮುಂದಕ್ಕೆ ಎಳೆಯುವವರು ಆ ಭಾಗವನ್ನು ಚುಕ್ಕಿಗೆರೆಯಲ್ಲಿ ಎಳೆಯಬೇಕು.

ಅಕ್ಷದ ಆರಂಭ, ವರ್ಷದ ಆರಂಭ

ಸಿದ್ದರಬೆಟ್ಟದ ನೆತ್ತಿಯಿಂದ ನೋಡುವ ಯಾತ್ರಿಕನಿಗೆ ದೂರದ ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರವೆಷ್ಟೆಂದು ಕೇಳಿದರೆ ಎರಡು ಉತ್ತರಗಳುಂಟು. ಸಮುದ್ರಮಟ್ಟದಿಂದ ಅಳೆದರೆ ಅದು ಸುಮಾರು 3,930 ಅಡಿ. ಆದರೆ ಅದರ ಬುಡದಲ್ಲಿರುವ ಊರೇ ಎರಡೂವರೆ ಸಾವಿರ ಅಡಿಯ ಮೇಲಿದೆ. ಹತ್ತುವವನ ಕಾಲಿಗೆ ಸಿಕ್ಕುವುದು ಉಳಿದಷ್ಟೇ. ಎರಡೂ ನಿಜ, ಎಲ್ಲಿಂದ ಅಳೆದದ್ದೆಂಬುದನ್ನು ಹೇಳಬೇಕು, ಅಷ್ಟೆ. ಆಲೇಖದ ಲಂಬ ಅಕ್ಷವೂ ಹೀಗೆಯೇ.

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉತ್ತೀರ್ಣರಾದವರ ಪ್ರಮಾಣ 2022ರಲ್ಲಿ ಶೇಕಡಾ 85.63, 2023ರಲ್ಲಿ 83.89. ಇಳಿದದ್ದು ಎರಡಕ್ಕಿಂತ ಕಡಿಮೆ. ಇವೆರಡನ್ನು ಸ್ತಂಭಾಲೇಖವಾಗಿಸಿ ಲಂಬ ಅಕ್ಷವನ್ನು 83ರಿಂದ ಆರಂಭಿಸಿದರೆ ಮೊದಲ ಕಂಬದ ಎತ್ತರ 2.63 ಮಾನ, ಎರಡನೆಯದರದು 0.89 ಮಾನ. ಕಂಬ ಮೂರರಲ್ಲಿ ಒಂದು ಪಾಲಿಗೆ ಕುಸಿದಂತೆ ಕಾಣುತ್ತದೆ. ನೋಡಿದ ದಾನಿಯು ಶಾಲೆಗಳು ಹಾಳಾದುವೆಂದು ನಿಟ್ಟುಸಿರಿಡದೆ ಇರಲಾರನು. ಇದರಲ್ಲಿ ಯಾರ ಕಪಟವೂ ಇಲ್ಲದಿರಬಹುದು. ಅಂಕಿಗಳು ಒಂದಕ್ಕೊಂದು ಹತ್ತಿರವಾಗಿದ್ದಾಗ ಎಕ್ಸೆಲ್ ತಾನಾಗಿಯೇ ಸೊನ್ನೆಯನ್ನು ಬಿಟ್ಟು ಮೇಲಿನ ಯಾವುದೋ ಅಂಕಿಯಿಂದ ಅಕ್ಷವನ್ನು ಆರಂಭಿಸುತ್ತದೆ. ಅದನ್ನು ಸರಿಪಡಿಸಲು ಲಂಬ ಅಕ್ಷದ ಅಂಕಿಗಳ ಮೇಲೆ ಬಲಗುಂಡಿಯೊತ್ತಿ ‘ಫಾರ್ಮ್ಯಾಟ್ ಆಕ್ಸಿಸ್’ ತೆರೆದು ‘ಮಿನಿಮಮ್’ ಎಂಬಲ್ಲಿ 0 ಎಂದು, ಶೇಕಡಾ ಲೆಕ್ಕವಾದರೆ ‘ಮ್ಯಾಕ್ಸಿಮಮ್’ ಎಂಬಲ್ಲಿ 100 ಎಂದು ಬರೆದರಾಯಿತು. ಕ್ಯಾಲ್ಕ್‌ನಲ್ಲಿ ಇದೇ ಕೆಲಸ ‘ಸ್ಕೇಲಿಂಗ್’ ಎಂಬ ಪುಟದಲ್ಲಿದೆ. ‘ಆಟೊಮ್ಯಾಟಿಕ್’ ಎಂಬಲ್ಲಿನ ಗುರುತನ್ನು ಮೊದಲು ತೆಗೆಯಬೇಕು. ಕಂಬವು ತನ್ನ ಉದ್ದದಿಂದಲೇ ಮಾತನಾಡುವುದರಿಂದ ಅದರ ಬುಡ ಸೊನ್ನೆಯಲ್ಲಿಯೇ ಇರತಕ್ಕದ್ದು. ಗೆರೆ ಮಾತನಾಡುವುದು ಏರಿಳಿತದಿಂದ. ರೇಖಾಲೇಖದ ಅಕ್ಷ ಸೊನ್ನೆಯಿಂದ ಹೊರಡದಿದ್ದರೂ, ಆರಂಭವನ್ನು ಸ್ಪಷ್ಟವಾಗಿ ನಮೂದಿಸಿದ್ದರೆ, ಕ್ಷಮ್ಯವೆನ್ನಬಹುದು.

ಅಕ್ಷದ ಆರಂಭಕ್ಕಿಂತಲೂ ಸೂಕ್ಷ್ಮವಾದುದು ವರ್ಷದ ಆರಂಭ. ಅದೇ ಪರೀಕ್ಷೆಯ ಆರು ವರ್ಷಗಳ ರಾಜ್ಯ ಫಲಿತಾಂಶ ಹೀಗಿದೆ: 2019ರಲ್ಲಿ 73.70, 2020ರಲ್ಲಿ 71.80, 2021ರಲ್ಲಿ 99.9, 2022ರಲ್ಲಿ 85.63, 2023ರಲ್ಲಿ 83.89, 2024ರ ಮೊದಲ ಪರೀಕ್ಷೆಯಲ್ಲಿ 73.40. ಈ ಸಾಲಿನಿಂದ ಮೂರು ಆಲೇಖಗಳನ್ನು ತೆಗೆಯಬಹುದು. 2020ರಿಂದ 2022ರವರೆಗಿನ ತುದಿಗಳನ್ನು ತೆಗೆದುಕೊಂಡರೆ ಸುಮಾರು ಹದಿನಾಲ್ಕರಷ್ಟು ಏರಿಕೆ; ಅಂದಿನ ಅಧಿಕಾರಸ್ಥರಿಗೆ ಹಾರ ಹಾಕಬಹುದು. 2021ರಿಂದ ಆರಂಭಿಸಿದರೆ ವರ್ಷವರ್ಷಕ್ಕೂ ಇಳಿಯುವ ಗೆರೆ. ಅಧ್ಯಾಪಕರನ್ನು ನಿಲ್ಲಿಸಿ ಪ್ರಶ್ನಿಸಬಹುದು. 2019ನ್ನೂ 2024ನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ 0.30, ಏನೂ ನಡೆದೇ ಇಲ್ಲವೆನ್ನಬಹುದು. ಮೂರರಲ್ಲಿಯೂ ಒಂದು ಅಂಕಿಯೂ ಸುಳ್ಳಲ್ಲ. ಆರಿಸಿದ ಕೈಯೇ ತೀರ್ಪನ್ನು ಬರೆದಿದೆ.

ಆರೂ ವರ್ಷಗಳನ್ನು ಇಟ್ಟರೂ ಸಾಲದು. ಗೆರೆಯ ಪಕ್ಕದಲ್ಲಿ ಎರಡು ಮಾತು ಬೇಕು. 2021ರಲ್ಲಿ ಮಹಾಮಾರಿಯ ಕಾರಣ ಪರೀಕ್ಷೆಯನ್ನು ಎರಡೇ ದಿನಗಳಲ್ಲಿ, ಉತ್ತರವನ್ನು ಆರಿಸುವ ಪ್ರಶ್ನೆಗಳಿಂದ ನಡೆಸಲಾಯಿತು. ಬರೆದವರು ಬಹುತೇಕ ಎಲ್ಲರೂ ಉತ್ತೀರ್ಣರೆನಿಸಿದರು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಕೃಪಾಂಕದ ಪ್ರಮಾಣವನ್ನೂ ಹೆಚ್ಚಿಸಲಾಯಿತು. ಅಂದರೆ ಆ ಎರಡು ಬಿಂದುಗಳಲ್ಲಿ ಬದಲಾದದ್ದು ಮಕ್ಕಳ ಓದಿಗಿಂತ ಮೊದಲಾಗಿ ಪರೀಕ್ಷೆಯ ಕ್ರಮ. ಆಯಾ ಬಿಂದುವಿನ ಬಳಿ ಚಿಕ್ಕ ಅಕ್ಷರಗಳಲ್ಲಿ ಇದನ್ನು ಬರೆಯಲು ‘ಟೆಕ್ಸ್ಟ್ ಬಾಕ್ಸ್’ ಎಂಬ ಸೌಕರ್ಯವಿದೆ. ಆಲೇಖವನ್ನು ಮೊದಲು ಆರಿಸಿಕೊಂಡು ಆಮೇಲೆ ಅದನ್ನು ಸೇರಿಸಿದರೆ ಬರಹವು ಆಲೇಖದೊಡನೆಯೇ ಸಾಗುತ್ತದೆ. ಇಲ್ಲವಾದರೆ ಆಲೇಖ ಒಂದೆಡೆ ಹೋಗಿ ಟಿಪ್ಪಣಿ ಇನ್ನೊಂದೆಡೆ ಉಳಿಯುತ್ತದೆ.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಫಲಿತಾಂಶ ಇಳಿದ ಗೆರೆಯ ಮುಂದೆ ನಿಂತು ಉತ್ತರ ಹೇಳಬೇಕಾದವರು ಹಳ್ಳಿಯ ಶಾಲೆಯ ಅಧ್ಯಾಪಕರು. ಶಾಲೆಯದೊಂದೇ ಗೆರೆಯನ್ನು ಎಳೆದು ತೋರಿಸಿದರೆ ಇಳಿಕೆಯೆಲ್ಲವೂ ಅವರ ತಲೆಗೆ ಬರುತ್ತದೆ. ಅದೇ ಆಲೇಖದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಗೆರೆಯನ್ನೂ ರಾಜ್ಯದ ಗೆರೆಯನ್ನೂ ಎಳೆದರೆ ನಿಜವು ತಾನಾಗಿ ಬೇರ್ಪಡುತ್ತದೆ. ಮೂರು ಗೆರೆಗಳೂ ಒಟ್ಟಿಗೆ ಇಳಿದಿದ್ದರೆ ಕಾರಣವನ್ನು ಶಾಲೆಯ ಹೊರಗೆ ಹುಡುಕಬೇಕು. ಶಾಲೆಯ ಗೆರೆಯೊಂದೇ ಇಳಿದಿದ್ದರೆ ಒಳಗೆ. ರಾಜ್ಯದ ಗೆರೆ ಇಳಿದ ವರ್ಷದಲ್ಲಿ ಶಾಲೆಯ ಗೆರೆ ಮಟ್ಟಸವಾಗಿ ನಿಂತಿದ್ದರೆ ಅದು ಏರಿಕೆಗೆ ಸಮನಾದ ಕೀರ್ತಿ. ಒಂಟಿ ಗೆರೆಯಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಇನ್ನು, ಮೂವತ್ತು ಮಕ್ಕಳು ಪರೀಕ್ಷೆಗೆ ಕುಳಿತ ಶಾಲೆಯಲ್ಲಿ ಒಂದು ಮಗು ತಪ್ಪಿದರೆ ಶೇಕಡಾ ಮೂರಕ್ಕೂ ಹೆಚ್ಚು ಇಳಿಯುತ್ತದೆ. ಆದ್ದರಿಂದ ಕುಳಿತವರ ಸಂಖ್ಯೆಯನ್ನು ವರ್ಷದ ಕೆಳಗೆ ಬರೆಯದೆ ಶೇಕಡಾ ಲೆಕ್ಕವನ್ನು ಮಾತ್ರ ತೋರಿಸುವುದು ಅರ್ಧ ಸತ್ಯವೇ ಸರಿ.

ಒಂದು ಮಿತಿಗೆರೆ

ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಕ್ಕಳು ಊರಿನ ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿ ಫಲಕ ಬರೆಯುವುದು ವಾಡಿಕೆ. ಪಾವಗಡ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಅಧಿಕವಾಗಿರುವುದೂ ಹಲ್ಲುಗಳ ಮೇಲೆ ಕಂದುಕಲೆ, ಮೂಳೆಗಳ ಬಾಧೆ ಮೊದಲಾದುವು ಅದರಿಂದ ಬರುವುದೂ ಬಹುಕಾಲದಿಂದ ಬಲ್ಲ ಸಂಗತಿ. ಎಂಟು ಬಾವಿಗಳ ಅಂಕಿಗಳನ್ನು ಎಂಟು ಕಂಬಗಳಾಗಿ ನಿಲ್ಲಿಸಿದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯುತ್ತದೆ. ಆದರೆ ತಾಯಿಯೊಬ್ಬಳು ಕೇಳುವ ಪ್ರಶ್ನೆ ಅದಲ್ಲ. ಯಾವ ಬಾವಿಯ ನೀರನ್ನು ಮಗುವಿಗೆ ಕುಡಿಸಬಹುದು ಎಂಬುದು.

ಉತ್ತರವು ಒಂದು ಗೆರೆಯಲ್ಲಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರು ದೊರೆಯದಲ್ಲಿ 1.5ರವರೆಗೆ ಸಹ್ಯ. ಕೋಷ್ಟಕದಲ್ಲಿ ‘ಮಿತಿ’ ಎಂಬ ಇನ್ನೊಂದು ಕಂಬಸಾಲನ್ನು ಸೇರಿಸಿ ಎಂಟೂ ಮನೆಗಳಲ್ಲಿ 1.5 ಎಂದು ತುಂಬಬೇಕು. ಆಲೇಖ ತೆಗೆದಾಗ ಬಾವಿಗೊಂದರಂತೆ ಇನ್ನೂ ಎಂಟು ಕಂಬಗಳು ಎದ್ದುನಿಲ್ಲುತ್ತವೆ. ಅವುಗಳಲ್ಲೊಂದರ ಮೇಲೆ ಬಲಗುಂಡಿಯೊತ್ತಿ ‘ಚೇಂಜ್ ಸೀರೀಸ್ ಚಾರ್ಟ್ ಟೈಪ್’ ಎಂಬಲ್ಲಿ ಆ ಸಾಲನ್ನು ಮಾತ್ರ ಲೈನ್ ಎಂದು ಬದಲಿಸಿದರೆ ಎಂಟು ಕಂಬಗಳು ಕರಗಿ ಒಂದು ಅಡ್ಡಗೆರೆಯಾಗುತ್ತವೆ. ಕ್ಯಾಲ್ಕ್‌ನಲ್ಲಿ ಮೊದಲೇ ‘ಕಾಲಂ ಅಂಡ್ ಲೈನ್’ ಎಂಬ ಬಗೆಯನ್ನು ಆರಿಸಿಕೊಳ್ಳಬೇಕು. ಗೆರೆಯನ್ನು ದಪ್ಪವಾಗಿಸಿ, ಅದನ್ನು ದಾಟಿದ ಕಂಬಗಳನ್ನು ಒಂದೊಂದಾಗಿ ಆರಿಸಿ ಗಾಢ ಬಣ್ಣ ಕೊಟ್ಟರೆ, ಅಕ್ಷರ ಬಾರದ ಅಜ್ಜಿಯೂ ಫಲಕದ ಮುಂದೆ ನಿಂತು ತನ್ನ ಬೀದಿಯ ಬಾವಿ ಯಾವ ಕಡೆಗಿದೆಯೆಂದು ತಿಳಿಯಬಲ್ಲಳು. ಒಂದು ಕಂಬವನ್ನು ಮಾತ್ರ ಆರಿಸಲು ಮೊದಲೊಮ್ಮೆ ಒತ್ತಿ, ಎಲ್ಲ ಕಂಬಗಳೂ ಆಯ್ಕೆಯಾದ ಬಳಿಕ, ಬೇಕಾದ ಕಂಬದ ಮೇಲೆ ಮತ್ತೊಮ್ಮೆ ಒತ್ತಬೇಕು. ಎರಡು ಒತ್ತುಗಳ ನಡುವೆ ತುಸು ಬಿಡುವಿರಲಿ.

ಕನ್ನಡದ ಅಕ್ಷರ, ಕಪ್ಪು ಶಾಯಿ

ಕನ್ನಡದಲ್ಲಿ ಆಲೇಖ ರಚಿಸುವವರಿಗೆ ಬರುವ ವಿಶೇಷ ತೊಂದರೆಯೊಂದಿದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಕೋಷ್ಟಕವು ಹಾಳೆಯ ಮೇಲೆ ಶುದ್ಧ ಕನ್ನಡವಾಗಿಯೇ ಕಾಣುತ್ತದೆ. ಆಲೇಖ ತೆಗೆದೊಡನೆ ಯಂತ್ರವು ತನ್ನ ರೂಢಿಯ ಅಕ್ಷರಗಳನ್ನು ಹೇರುವುದರಿಂದ ‘ಕೊರಟಗೆರೆ’ ಎಂಬುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗುಂಪಾಗಿಬಿಡುತ್ತದೆ. ಪ್ರತಿಯೊಂದು ಹೆಸರಿಗೂ ಫಾಂಟ್ ಬದಲಿಸಿ ಅದನ್ನು ಸರಿಪಡಿಸಬಹುದಾದರೂ ಕಡತವು ಮುದ್ರಣಾಲಯದ ಯಂತ್ರಕ್ಕೆ ಹೋದಾಗ ಮತ್ತೆ ಕೆಡುವುದುಂಟು. ಯೂನಿಕೋಡ್ ಕ್ರಮದಲ್ಲಿ ಬೆರಳಚ್ಚು ಮಾಡುವುದೇ, ಹಳೆಯ ಕಡತವನ್ನು ಪರಿವರ್ತಿಸಿಕೊಳ್ಳುವುದೇ ಇದಕ್ಕೆ ಪರಿಹಾರ. ತುಂಗಾ, ನಿರ್ಮಲಾ ಮೊದಲಾದ ಅಕ್ಷರಗಳು ವಿಂಡೋಸ್‌ನಲ್ಲಿಯೇ ದೊರೆಯುತ್ತವೆ. ಲಂಬ ಅಕ್ಷದ ಹೆಸರನ್ನು ಅಕ್ಷರದ ಕೆಳಗೆ ಅಕ್ಷರವಾಗಿ ಪೇರಿಸುವ ಕ್ರಮ ಇಂಗ್ಲಿಷಿಗೆ ಹೇಗೋ ಒಗ್ಗೀತು. ಒತ್ತಕ್ಷರವೂ ಗುಣಿತಾಕ್ಷರವೂ ಇರುವ ಕನ್ನಡಕ್ಕೆ ಒಗ್ಗದು. ಹೆಸರನ್ನು ಅಕ್ಷದ ತಲೆಯ ಮೇಲೆ ಅಡ್ಡಲಾಗಿ ಬರೆಯುವುದು ಲೇಸು.

ಸಂಸ್ಮರಣ ಸಂಚಿಕೆಗಳ ಒಳಪುಟಗಳು ಸಾಮಾನ್ಯವಾಗಿ ಒಂದೇ ಶಾಯಿಯಲ್ಲಿ ಮುದ್ರಿತವಾಗುತ್ತವೆ. ತೆರೆಯ ಮೇಲೆ ಕೆಂಪು, ಹಸಿರು, ನೀಲಿಯಾಗಿ ಹೊಳೆದ ಮೂರು ಗೆರೆಗಳು ಅಚ್ಚಿನಲ್ಲಿ ಒಂದೇ ಬೂದು ಬಣ್ಣಕ್ಕೆ ತಿರುಗಿದಾಗ ಶಾಲೆಯ ಗೆರೆ ಯಾವುದು, ರಾಜ್ಯದ ಗೆರೆ ಯಾವುದು ಎಂದು ರಚಿಸಿದವನೂ ಹೇಳಲಾರ. ಒಂದನ್ನು ತುಂಬುಗೆರೆಯಾಗಿ, ಇನ್ನೊಂದನ್ನು ತುಂಡುಗೆರೆಯಾಗಿ, ಮೂರನೆಯದನ್ನು ಚುಕ್ಕಿಗೆರೆಯಾಗಿ ಎಳೆದು, ಬದಿಯಲ್ಲಿ ಬಣ್ಣದ ಸೂಚಿಯನ್ನಿಡುವ ಬದಲು ಗೆರೆಯ ಕೊನೆಯಲ್ಲಿಯೇ ಅದರ ಹೆಸರನ್ನು ಬರೆದರೆ ಈ ಕಷ್ಟವಿಲ್ಲ. ಕಂಬಗಳಿಗಾದರೆ ‘ಪ್ಯಾಟರ್ನ್ ಫಿಲ್’ ಎಂಬಲ್ಲಿ ಓರೆಗೆರೆ, ಚುಕ್ಕಿ ಮೊದಲಾದ ತುಂಬುಗಳಿವೆ. ಮುದ್ರಣಕ್ಕೆ ಕಳುಹಿಸುವ ಮುನ್ನ ಒಮ್ಮೆ ಕಪ್ಪುಬಿಳುಪಿನಲ್ಲಿ ಅಚ್ಚು ತೆಗೆದು ಕೈಯಳತೆಯ ದೂರದಲ್ಲಿ ಹಿಡಿದು, ಕನ್ನಡಕ ತೆಗೆದು ನೋಡುವುದು ಒಳ್ಳೆಯ ಪರೀಕ್ಷೆ.

ಹೀಗೆ ಒಮ್ಮೆ ಸಿದ್ಧಪಡಿಸಿದ ಆಲೇಖವನ್ನು ಮರುವರ್ಷ ಮತ್ತೆ ಮೊದಲಿನಿಂದ ಕಟ್ಟಬೇಕಾಗಿಲ್ಲ. ಎಕ್ಸೆಲ್‌ನಲ್ಲಿ ಆಲೇಖದ ಮೇಲೆ ಬಲಗುಂಡಿಯೊತ್ತಿ ‘ಸೇವ್ ಆಸ್ ಟೆಂಪ್ಲೇಟ್’ ಎಂದರೆ ಅದರ ಅಚ್ಚು ಉಳಿಯುತ್ತದೆ. ಕೋಷ್ಟಕವನ್ನು ‘ಟೇಬಲ್’ ಆಗಿ ಪರಿವರ್ತಿಸಿದ್ದರೆ ಕೆಳಗೆ ಹೊಸ ವರ್ಷದ ಸಾಲನ್ನು ಬರೆದೊಡನೆ ಗೆರೆ ತಾನಾಗಿ ಮುಂದಕ್ಕೆ ಬೆಳೆಯುತ್ತದೆ. ಅಧ್ಯಾಪಕರು ವರ್ಗವಾಗಿ ಹೋಗುತ್ತಾರೆ, ಗುಮಾಸ್ತರು ನಿವೃತ್ತರಾಗುತ್ತಾರೆ. ಆದುದರಿಂದ ಕಡತದ ಮೊದಲ ಹಾಳೆಯಲ್ಲಿ ಅಂಕಿಗಳು ಎಲ್ಲಿಂದ ಬಂದುವು, ಶೇಕಡಾ ಲೆಕ್ಕದಲ್ಲಿ ಮರುಪರೀಕ್ಷೆಯವರು ಸೇರಿದ್ದಾರೆಯೇ ಇಲ್ಲವೇ, ಯಾವ ವರ್ಷದಲ್ಲಿ ಯಾವ ಕ್ರಮ ಬದಲಾಯಿತು ಎಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡಬೇಕು. ಅಚ್ಚಾಗುವ ಸಂಚಿಕೆಯಲ್ಲಿ ಆಲೇಖದ ಅಡಿಯಲ್ಲಿಯೇ ಮೂಲ ಕೋಷ್ಟಕವನ್ನೂ ಚಿಕ್ಕದಾಗಿ ಕೊಡುವುದಕ್ಕೆ ಅರ್ಧ ಅಂಗುಲ ಜಾಗ ಸಾಕು. ಗೆರೆಯನ್ನು ನಂಬದವರು ಅಂಕಿಗಳನ್ನು ತಾವೇ ಓದಿಕೊಳ್ಳುವರು.